ನಮ್ಮ ಡಾಕ್ಟರು ನಿವೃತ್ತರಾಗುತ್ತಿದ್ದಾರೆ

– ಅಕ್ಕಾ, ನೀವು ರಿಸೆಪ್ಷನ್‌ನಲ್ಲಿ ಕೂರೋ ಕ್ಲಿನಿಕ್ಕು, ಇಲ್ಲಿ ಸರ್ಜರಿ ಅಂತಾರಲ್ಲ, ಅದರ ಬಾಗಿಲಿಗೆ ಅಂಟಿಸಿರೋ ಕಾಗದ ಓದಿದೆ. ಹಿರಿಯ ಡಾಕ್ಟರು ಮಾರ್ಚ್ ಕೊನೆಗೆ ನಿವೃತ್ತರಾಗ್ತಾರಂತೆ. ಅದರ ಕೆಳಗೆ ಹೊಸ ಫಾರ್ಮಸಿಸ್ಟ್ ಸೇರಿದ ಸುದ್ದಿ, ರಕ್ತಪರೀಕ್ಷೆಯ ದಿನ ಬದಲಾದ ಸುದ್ದಿ, ಫ್ಲೂ ಇಂಜೆಕ್ಷನ್ ಸುದ್ದಿ. ಇಬ್ಬರು ಅಜ್ಜಿಯರು ಅದನ್ನ ಓದಿ ಅಲ್ಲೇ ಮಂಕಾಗಿ ನಿಂತಿದ್ರು. ಒಬ್ಬ ಡಾಕ್ಟರು ರಿಟೈರ್ ಆದ್ರೆ ಇನ್ನೊಬ್ಬರು ಬರ್ತಾರೆ. ಅದಕ್ಕೆ ಯಾಕೆ ಅಷ್ಟೊಂದು ಬೇಜಾರು?

– ಆ ಕಾಗದದಲ್ಲಿ ನಾಲ್ಕು ಸುದ್ದಿ ಇದ್ರೂ ಜನರ ಆರೋಗ್ಯಕ್ಕೆ ಎಲ್ಲಕ್ಕಿಂತ ಹೆಚ್ಚು ತಟ್ಟೋದು ಮೊದಲನೆಯದೇ ಕಣೇ. ಆ ಅಜ್ಜಿಯರಿಗೆ ಅದು ಗೊತ್ತು. ಉಳಿದವರು ಅದನ್ನ ಆಫೀಸಿನ ಬೀಳ್ಕೊಡುಗೆ ಸಮಾಚಾರ ಅಂದ್ಕೊಂಡು ಮುಂದೆ ಹೋಗ್ತಾರೆ. ನನಗೆ ಸಂಕಟ ಆಗೋದು ಅದಕ್ಕೇ.

– ನನಗಂತೂ ಹಾಗೆ ಅನ್ನಿಸಲ್ಲ, ಬೇಜಾರು ಮಾಡ್ಕೋಬೇಡಿ. ಇಂಗ್ಲೆಂಡಿಗೆ ಬಂದಾಗಿನಿಂದ ಆ ಡಾಕ್ಟರ ಮುಖಾನೇ ನಾನು ನೋಡಿಲ್ಲ. ದಾವಣಗೆರೆಯಲ್ಲಿ ಜ್ವರ ಬಂದ್ರೆ ಸಾಯಂಕಾಲ ಕ್ಲಿನಿಕ್ಕಿಗೆ ಹೋಗಿ, ಕಾಂಪೌಂಡರ್ ಹತ್ರ ಹೆಸರು ಬರೆಸಿ, ಡಾಕ್ಟರನ್ನ ಕಂಡು, ಫೀಸು ಕೊಟ್ಟು, ರಾತ್ರಿ ಊಟದ ಹೊತ್ತಿಗೆ ಮನೇಲಿರ್ತಿದ್ವಿ. ಇಲ್ಲಿ ಬೆಳಿಗ್ಗೆ ಎಂಟು ಹೊಡೆಯೋದನ್ನೇ ಕಾದು ಫೋನ್ ಮಾಡ್ಬೇಕು. ನಿಮ್ಮ ಸರ್ಜರಿ ಅಂತಲ್ಲ, ನಾವು ಮೊದಲಿದ್ದ ಊರಲ್ಲೂ ಇದೇ ಕಥೆ. ವೀಸಾ ಮಾಡಿಸುವಾಗ ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್‌ಚಾರ್ಜ್ ಅಂತ ಮೊದಲೇ ಕಟ್ಟಿದೀವಿ. ಅಷ್ಟು ಕಟ್ಟಿ, ಸಂಗೀತ ಕೇಳ್ತಾ ಕಾದು, ಕೊನೆಗೆ ಯಾರಾದ್ರೂ ಎತ್ತಿದ್ರೆ ಮೊದಲು ಕೇಳೋದು, ಏನು ತೊಂದರೆ ಅಂತ. ಅವರೇನು ಡಾಕ್ಟರಾ? ಆ ಊರಲ್ಲಿ ಒಂದ್ಸಲ ಎತ್ತಿದವರು ಗಂಡಸು. ನನಗೆ ಆಗಿದ್ದು ಉರಿಮೂತ್ರ. ಹೇಗೆ ಹೇಳೋದು? ಏನಿಲ್ಲ ಅಂತ ಇಟ್ಟುಬಿಟ್ಟೆ.

– ಇಟ್ಟು ಏನು ಮಾಡಿದೆ?

– ಬಾರ್ಲಿ ನೀರು ಕುಡ್ಕೊಂಡು ಒದ್ದಾಡಿದೆ. ಆಮೇಲೆ ತಾನಾಗೇ ಕಡಿಮೆ ಆಯ್ತು.

– ಅಯ್ಯೋ ಮಾರಾಯ್ತಿ, ಅದು ಕಿಡ್ನಿಗೆ ಏರಿದ್ರೆ ಏನು ಗತಿ? ಇನ್ನು ಮೇಲೆ ಹಾಗೆ ಮಾಡ್ಬೇಡ. ನಾವು ಆ ಪ್ರಶ್ನೆ ಕೇಳೋದು ನಿನ್ನ ಗುಟ್ಟು ತಿಳ್ಕೊಳ್ಳೋಕೆ ಅಲ್ಲ. ಎದೆನೋವು ಅಂದವರನ್ನ ತುರ್ತು ನಂಬರ್ 999ಕ್ಕೆ ಕಳಿಸ್ಬೇಕು, ಎಳೆ ಮಗುವಿಗೆ ಜ್ವರ ಅಂದವರನ್ನ ಅವತ್ತೇ ಡಾಕ್ಟರಿಗೆ ತೋರಿಸ್ಬೇಕು, ಬರೀ ಸರ್ಟಿಫಿಕೇಟ್ ಬೇಕು ಅಂದವರಿಗೆ ಬೇರೆ ದಾರಿ ತೋರಿಸ್ಬೇಕು. ಕಾಯೋ ಸಾಲಲ್ಲಿ ಯಾರು ಕಾಯಬಾರದೋ ಅವರನ್ನ ಮೊದಲು ಹೊರಗೆ ತೆಗೆಯೋದೇ ನಮ್ಮ ಕೆಲಸ. ಹೇಳೋಕೆ ನಾಚಿಕೆ ಆದ್ರೆ 'ಪರ್ಸನಲ್' ಅಂದ್ರೆ ಸಾಕು, ಯಾರೂ ಒತ್ತಾಯ ಮಾಡಬಾರದು. ಹೆಂಗಸರ ಹತ್ರ ಮಾತಾಡ್ತೀನಿ ಅನ್ನಬಹುದು. ಪರೀಕ್ಷೆ ಮಾಡುವಾಗ ಜೊತೆಗೆ ಒಬ್ಬ ಹೆಂಗಸು ನಿಲ್ಲಲಿ ಅಂತ ಕೇಳೋದಕ್ಕೂ ಅವಕಾಶ ಇದೆ. ಇನ್ನೊಂದು ಮಾತು. ಡಾಕ್ಟರು ಗುಟ್ಟು ಕಾಯೋ ಹಾಗೇ ರಿಸೆಪ್ಷನ್‌ನವರೂ ಕಾಯಬೇಕು, ಅದು ಕೆಲಸದ ಕರಾರಿನಲ್ಲೇ ಇರುತ್ತೆ. ಯುಗಾದಿ ಊಟಕ್ಕೆ ಸೇರಿದಾಗ ನಮ್ಮವರೇ ಕೇಳ್ತಾರೆ, ಅವರು ಯಾಕೆ ಸರ್ಜರಿಗೆ ಬಂದಿದ್ರು ಅಂತ. ನಾನು ಮಾತು ಬದಲಿಸ್ತೀನಿ.

– ಅದೇ ಭಯ ನೋಡಿ ನಮಗೆಲ್ಲ. ನಮ್ಮವರೇ ಕೌಂಟರಲ್ಲಿದ್ರೆ ಇನ್ನೂ ಸಂಕೋಚ.

– ಅರ್ಥ ಆಗುತ್ತೆ. ಹಾಗನ್ನಿಸಿದ್ರೆ ಆನ್‌ಲೈನ್ ಫಾರ್ಮ್ ತುಂಬು. 2025ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಎಲ್ಲಾ ಸರ್ಜರಿಗಳೂ ಬೆಳಿಗ್ಗೆ ಎಂಟರಿಂದ ಸಾಯಂಕಾಲ ಆರೂವರೆವರೆಗೆ ಅದನ್ನ ತೆರೆದಿಡಬೇಕು, ಅಪಾಯ ಇಲ್ಲದ ತೊಂದರೆಗಳಿಗೆ. ಕೂತು ನಿಧಾನವಾಗಿ ಬರೀಬಹುದು. ಆದರೆ ಫಾರ್ಮ್ ತುಂಬೋಕೆ ಬಾರದ ಹಿರಿಯರಿಗೆ ಫೋನೂ ಇರಬೇಕು, ಬಾಗಿಲೂ ಇರಬೇಕು. ನಮ್ಮಲ್ಲಿ ಈ ವಿಷಯಕ್ಕೆ ನಾನು ಜಗಳ ಆಡಿದೀನಿ. ಮತ್ತೆ ನಿನ್ನ ಉರಿಮೂತ್ರಕ್ಕೆ ಡಾಕ್ಟರೇ ಬೇಕಾಗಿರಲಿಲ್ಲ.

– ಮತ್ತೆ?

– ಪೇಟೆಬೀದಿಯ ಮೆಡಿಕಲ್ ಶಾಪು. 2024ರ ಜನವರಿ 31ರಿಂದ ಏಳು ಕಾಯಿಲೆಗಳಿಗೆ ಫಾರ್ಮಸಿಸ್ಟೇ ನೋಡಿ, ಬೇಕಾದ್ರೆ ಆಂಟಿಬಯೋಟಿಕ್ ಕೊಡಬಹುದು. ಗಂಟಲು ನೋವು, ಸೈನಸ್, ಮಕ್ಕಳ ಕಿವಿನೋವು, ಹುಳ ಕಚ್ಚಿ ಕೀವಾಗೋದು, ಇಂಪೆಟೈಗೊ ಅನ್ನೋ ಚರ್ಮದ ಸೋಂಕು, ಸರ್ಪಸುತ್ತು, ಆಮೇಲೆ 16ರಿಂದ 64 ವರ್ಷದ ಹೆಂಗಸರ ಸಾಮಾನ್ಯ ಮೂತ್ರದ ಸೋಂಕು. ಬಸುರಿ ಆಗಿದ್ರೆ, ಇಲ್ಲ ಜ್ವರ, ಪಕ್ಕೆನೋವು ಇದ್ರೆ ಡಾಕ್ಟರಿಗೆ ಕಳಿಸ್ತಾರೆ. ಅಂಗಡಿಯ ಹಿಂದೆ ಪುಟ್ಟ ರೂಮಿರುತ್ತೆ, ಅಲ್ಲಿ ಕೂರಿಸಿ ಮಾತಾಡ್ತಾರೆ. ಅಪಾಯಿಂಟ್‌ಮೆಂಟೇ ಬೇಡ.

– ಅಷ್ಟೂ ದಿನ ಒದ್ದಾಡೋದು ತಪ್ತಿತ್ತು. ಯಾರೂ ಹೇಳಲೇ ಇಲ್ಲ. ಆದ್ರೆ ಔಷಧಿಗೆ ದುಡ್ಡು ಕೊಡ್ಬೇಕಲ್ಲ. ನನ್ನ ಥೈರಾಯ್ಡ್ ಮಾತ್ರೆಗೇ ಪ್ರತಿ ಸಲ 9.90 ಪೌಂಡ್ ಆಗುತ್ತೆ.

– ಥೈರಾಯ್ಡಾ? ಕಡಿಮೆ ಇರೋದಾ, ಜಾಸ್ತಿ ಇರೋದಾ?

– ಕಡಿಮೆ. ಮಗು ಆದ ಮೇಲೆ ಶುರುವಾಯ್ತು. ಜೀವನಪೂರ್ತಿ ತಗೋಬೇಕು ಅಂದಿದಾರೆ.

– ಹಾಗಾದ್ರೆ ನೀನು ಒಂದು ಪೆನ್ನಿಯೂ ಕೊಡಬೇಕಾಗಿಲ್ಲ! ಥೈರಾಯ್ಡ್ ಕಡಿಮೆಯಾಗಿ ಮಾತ್ರೆ ತಗೊಳ್ಳೋರಿಗೆ ಇಂಗ್ಲೆಂಡಿನಲ್ಲಿ ವಿನಾಯಿತಿ ಇದೆ. ಸರ್ಜರಿಯಲ್ಲಿ ಎಫ್‌ಪಿ92ಎ ಅಂತ ಒಂದು ಫಾರ್ಮ್ ಕೇಳು, ಸಹಿ ಮಾಡಿ ಕಳಿಸ್ತಾರೆ, ಐದು ವರ್ಷದ ಸರ್ಟಿಫಿಕೇಟ್ ಬರುತ್ತೆ. ಥೈರಾಯ್ಡ್ ಮಾತ್ರೆಗೆ ಮಾತ್ರ ಅಲ್ಲ, ಡಾಕ್ಟರು ಬರೆದುಕೊಟ್ಟ ಯಾವ ಔಷಧಿಗೂ ದುಡ್ಡಿಲ್ಲ. ಮಾತ್ರೆ ತಗೊಳ್ಳೋ ಸಕ್ಕರೆ ಕಾಯಿಲೆಯವರಿಗೂ ಹಾಗೇ. ಬಸುರಿಯರಿಗೆ, ಹೆರಿಗೆಯಾಗಿ ಒಂದು ವರ್ಷದವರೆಗೆ ಬಾಣಂತಿಯರಿಗೆ, ಹದಿನಾರರೊಳಗಿನ ಮಕ್ಕಳಿಗೆ, ಅರವತ್ತು ದಾಟಿದವರಿಗೂ ಇಲ್ಲ. ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಂತೂ ಯಾರಿಗೂ ಇಲ್ಲ.

– ಇಷ್ಟು ದಿನ ಕೊಟ್ಟಿದ್ದು?

– ಕೊಡುವಾಗಲೇ ಎಫ್‌ಪಿ57 ಅನ್ನೋ ರಸೀದಿ ಕೇಳಿ ತಗೊಂಡಿದ್ರೆ ಇತ್ತೀಚೆಗೆ ಕೊಟ್ಟಿದ್ದು ಮಾತ್ರ ವಾಪಸ್ ಬರ್ತಿತ್ತು. ಇಲ್ಲದಿದ್ರೆ ಕಷ್ಟ. ನಾಳೆನೇ ಬಾ, ಫಾರ್ಮ್ ತೆಗೆದಿಡ್ತೀನಿ.

– ನೋಡಿ ಅಕ್ಕ, ನಾನು ನಿಮ್ಮ ಪಕ್ಕದ ಬೀದಿಲಿದೀನಿ ಅಂತ ಇದು ಗೊತ್ತಾಯ್ತು. ಗೊತ್ತಿಲ್ಲದವರು ಎಷ್ಟು ಜನ ಇರಬೇಕು. ಸೌಲಭ್ಯ ಇಟ್ಟು ಹೇಳದೇ ಇದ್ರೆ ಏನು ಬಂತು?

– ಒಪ್ಪಿದೆ. ಅದು ನಮ್ಮ ತಪ್ಪೇ. ಬಾಗಿಲಿಗೆ ಕಾಗದ ಅಂಟಿಸಿದ್ರೆ ಹೇಳಿದ ಹಾಗಾಗಲ್ಲ, ಅದರಲ್ಲೂ ಇಂಗ್ಲಿಷ್ ಓದೋಕೆ ಬಾರದವರಿಗೆ. ನಮ್ಮವರ ಅತ್ತೆ-ಮಾವ ಬಂದಿರ್ತಾರೆ, ಕನ್ನಡ ಬಿಟ್ಟು ಬೇರೇನೂ ಬರಲ್ಲ, ಮೊಮ್ಮಗನನ್ನ ಕರ್ಕೊಂಡು ಬಂದು ಅವನ ಕೈಲಿ ಹೇಳಿಸ್ತಾರೆ. ಎಂಟು ವರ್ಷದ ಹುಡುಗ ಅಜ್ಜಿಯ ರಕ್ತಸ್ರಾವದ ವಿಷಯ ಹೇಳಬೇಕಾ? ದುಭಾಷಿಯನ್ನ ಫೋನಲ್ಲಿ ಪುಕ್ಕಟೆ ಕೊಡಿಸೋದು ಸರ್ಜರಿಯ ಜವಾಬ್ದಾರಿ. ಅಪಾಯಿಂಟ್‌ಮೆಂಟ್ ಮಾಡುವಾಗಲೇ 'ಕನ್ನಡ ದುಭಾಷಿ ಬೇಕು' ಅನ್ನಬೇಕು. ಹೆಸರು ನೋಂದಾಯಿಸೋದಕ್ಕೂ ಅಷ್ಟೇ. ವಿಳಾಸದ ಪುರಾವೆ ಇಲ್ಲ, ಪಾಸ್‌ಪೋರ್ಟ್ ತಂದಿಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಕಳಿಸೋ ಕಡೆಗಳೂ ಇವೆ, ಆದ್ರೆ ನಿಯಮ ಅದಲ್ಲ.

– ಸರಿ, ಹಾಗಿದ್ರೆ ನನ್ನ ಮಾತಿಗೇ ಬಂದ್ರಿ ನೀವು. ಉರಿಮೂತ್ರಕ್ಕೆ ಅಂಗಡಿ ಫಾರ್ಮಸಿಸ್ಟ್. ಥೈರಾಯ್ಡ್ ಮಾತ್ರೆ ಸರಿಯಿದೆಯಾ ಅಂತ ನೋಡೋದು ಸರ್ಜರಿಯ ಫಾರ್ಮಸಿಸ್ಟ್. ಬೆನ್ನುನೋವು ಅಂತ ಹೋದ್ರೆ ನಮ್ಮೆಜಮಾನರನ್ನ ಫಿಸಿಯೋ ನೋಡಿದ್ರು. ಪಾಪ್ ಟೆಸ್ಟ್ ನರ್ಸು. ಡಾಕ್ಟರು ಎಲ್ಲಿ ಬೇಕಾಯ್ತು?

– 2019ರಿಂದ ಸರ್ಕಾರ ದುಡ್ಡು ಕೊಟ್ಟು ಈ ಹುದ್ದೆಗಳನ್ನೆಲ್ಲ ತಂತು. ಅಕ್ಕಪಕ್ಕದ ಸರ್ಜರಿಗಳು ಸೇರಿ ಒಂದು ಜಾಲ ಮಾಡ್ಕೊಂಡು ಫಾರ್ಮಸಿಸ್ಟು, ಫಿಸಿಯೋ, ಒಂಟಿಯಾಗಿರೋರನ್ನ ಊರಿನ ಸಂಘ-ಸಂಸ್ಥೆಗಳ ಜೊತೆ ಜೋಡಿಸೋರು, ಇವರನ್ನೆಲ್ಲ ಹಂಚ್ಕೊಳ್ಳೋ ವ್ಯವಸ್ಥೆ. ಒಳ್ಳೇದೇ ಆಯ್ತು. ಬೆನ್ನಿನ ವಿಷಯ ಫಿಸಿಯೋಗೆ ಎಷ್ಟು ಗೊತ್ತೋ ಅಷ್ಟು ಎಲ್ಲಾ ಡಾಕ್ಟರಿಗೆ ಗೊತ್ತಿರಲ್ಲ. ಒಂದು ಎಚ್ಚರಿಕೆ ಮಾತ್ರ ಇಟ್ಕೋ. ಯಾರ ಮುಂದೆ ಕೂತಿದ್ದೀಯ ಅನ್ನೋದು ನಿನಗೆ ಗೊತ್ತಿರ್ಬೇಕು. ಫಿಸಿಶಿಯನ್ ಅಸೋಸಿಯೇಟ್ ಅಂತ ಒಂದು ಹುದ್ದೆ ಇತ್ತಲ್ಲ, ಜನ ಅವರನ್ನ ಡಾಕ್ಟರು ಅಂತಲೇ ತಿಳ್ಕೊಂಡು ಹೋಗಿಬಿಡ್ತಿದ್ರು. 2025ರ ಜುಲೈನಲ್ಲಿ ಬಂದ ಲೆಂಗ್ ವರದಿ ಆ ಹೆಸರು ಬದಲಾಯಿಸಿ, ಇನ್ನೂ ಏನು ಕಾಯಿಲೆ ಅಂತ ಗೊತ್ತಾಗದವರನ್ನ ಅವರು ಮೊದಲಿಗೆ ನೋಡಬಾರದು ಅಂತ ಸಲಹೆ ಕೊಡ್ತು. 'ನೀವು ಡಾಕ್ಟರಾ?' ಅಂತ ಕೇಳೋದು ಅಗೌರವ ಅಲ್ಲ. ಕೇಳು.

– ಕೇಳ್ತೀನಿ. ಆದ್ರೆ ಡಾಕ್ಟರು ಯಾಕೆ ಬೇಕು ಅನ್ನೋದಕ್ಕೆ ಉತ್ತರ ಬರಲಿಲ್ಲ.

– ಬರೀ ಡಾಕ್ಟರು ಅಲ್ಲ, ನಿನ್ನನ್ನ ಬಲ್ಲ ಡಾಕ್ಟರು. ನನ್ನದೇ ಹೇಳ್ತೀನಿ. ಅಲ್ಲಿ ಕೆಲಸಕ್ಕೆ ಸೇರೋ ಮುಂಚೆ ನಾನೂ ಈ ಡಾಕ್ಟರ ಪೇಷಂಟ್ ಆಗಿದ್ದೆ. ಒಂದ್ಸಲ ಕೈ ಜೋಮು ಹಿಡಿಯುತ್ತೆ ಅಂತ ಹೋದೆ. ಸಣ್ಣಗಿದ್ದೆ ಆಗ, ನನ್ನನ್ನ ನೋಡಿದ್ರೆ ಯಾರಿಗೂ ಶುಗರ್ ಅನುಮಾನ ಬರೋ ಹಾಗಿರಲಿಲ್ಲ. ಅವರು ಕೈ ನೋಡಿ, ಸುಮ್ಮನೆ ಒಂದು ನಿಮಿಷ ಕೂತು, 'ನಿಮ್ಮ ತಾಯಿಗೆ ಕಾಲ್ಬೆರಳು ತೆಗೆದಿದ್ರು ಅಂದಿದ್ರಲ್ವಾ' ಅಂದ್ರು. ನಾನು ಯಾವಾಗಲೋ, ಮಗಳಿಗೆ ಲಸಿಕೆ ಹಾಕಿಸೋಕೆ ಹೋದಾಗ, ಅಮ್ಮನ ವಿಷಯ ಹೇಳಿ ಅತ್ತಿದ್ದೆ. ಅದು ಯಾವ ಫೈಲಲ್ಲೂ ಇರಲಿಲ್ಲ. ರಕ್ತ ತೆಗೆಸಿದ್ರು. ಸಕ್ಕರೆಯ ಲೆಕ್ಕ, ಎಚ್‌ಬಿಎ1ಸಿ ಅಂತಾರೆ, 46 ಬಂತು. 48 ಆದ್ರೆ ಸಕ್ಕರೆ ಕಾಯಿಲೆ. ಅಂಚಿನಲ್ಲಿದ್ದೆ. ಅನ್ನ ಕಡಿಮೆ ಮಾಡಿ, ನಡೆದು ನಡೆದು ಇಲ್ಲಿಯವರೆಗೂ ತಡೆದುಕೊಂಡು ಬಂದಿದೀನಿ. ನಮ್ಮ ಜನಕ್ಕೆ ಇಲ್ಲಿನವರಿಗಿಂತ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುತ್ತೆ. ಅದಕ್ಕೇ ತೂಕದ ಲೆಕ್ಕ ಹಾಕೋ ಬಿಎಂಐ ಬಿಳಿಯರಿಗೆ 25 ದಾಟಿದ್ರೆ ಎಚ್ಚರಿಕೆ, ನಮಗೆ 23ಕ್ಕೇ. ಇದು ಪುಸ್ತಕದಲ್ಲಿದೆ, ಯಾವ ಡಾಕ್ಟರು ಬೇಕಾದ್ರೂ ಓದಬಹುದು. ಅಮ್ಮನ ಬೆರಳು ಪುಸ್ತಕದಲ್ಲಿಲ್ಲ.

– ಈಗೆಲ್ಲ ಕಂಪ್ಯೂಟರಲ್ಲಿ ಬರೆದಿಡ್ತಾರಲ್ಲ ಅಕ್ಕ. ಮುಂದಿನ ಡಾಕ್ಟರು ಓದ್ತಾರೆ.

– ಬರೆದಿಡ್ತಾರೆ. ಈ ದೇಶದ ದೊಡ್ಡ ಗುಣ ಅದು. ಮೊದಲು ಕಂದು ಬಣ್ಣದ ಕವರುಗಳಿದ್ವು, ಲಾಯ್ಡ್ ಜಾರ್ಜ್ ಕವರು ಅಂತಾರೆ, 1911ರ ವಿಮಾ ಕಾಯ್ದೆಯ ಕಾಲದ್ದು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾಗಿದ್ದೇ 1948ರ ಜುಲೈ 5ಕ್ಕೆ, ಅದಕ್ಕಿಂತ ಹಳೇದು. ಮನುಷ್ಯ ಊರು ಬದಲಿಸಿದ್ರೆ ಕವರೂ ಹಿಂದೆ ಹೋಗ್ತಿತ್ತು. ಹುಟ್ಟಿದಾಗಿಂದ ಬರೆದಿದ್ದೆಲ್ಲ ಅದರೊಳಗೆ. ನಾನು ಸೇರಿದಾಗ ಗೋಡೆ ತುಂಬ ಅವೇ ಇದ್ವು. ಆದ್ರೆ ಒಂದು ಭೇಟಿಗೆ ಹತ್ತು ನಿಮಿಷ. ಹೊಸಬರು ಬಂದು ಹತ್ತು ನಿಮಿಷದಲ್ಲಿ ನಿನ್ನ ಮಾತು ಕೇಳ್ತಾರಾ, ಮೂವತ್ತು ವರ್ಷದ ಕಾಗದ ಓದ್ತಾರಾ?

– ಹ್ಞೂಂ.

– ನಮ್ಮ ಟ್ರೈನಿಂಗಲ್ಲಿ ಒಂದು ಅಧ್ಯಯನ ತೋರಿಸಿದ್ರು. ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ್ದು. ಒಬ್ಬರೇ ಡಾಕ್ಟರ ಹತ್ರ ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರನ್ನ, ಒಂದೇ ವರ್ಷ ಇದ್ದವರ ಜೊತೆ ಹೋಲಿಸಿದ್ರು. ಹಳಬರಲ್ಲಿ ಸಾವಿನ ಸಾಧ್ಯತೆ ಶೇಕಡಾ 25ರಷ್ಟು ಕಡಿಮೆ. ತುರ್ತಾಗಿ ಆಸ್ಪತ್ರೆ ಸೇರೋದು ಶೇಕಡಾ 28ರಷ್ಟು ಕಡಿಮೆ.

– ಗಟ್ಟಿಮುಟ್ಟಾಗಿ ನೆಮ್ಮದಿಯಾಗಿ ಇರೋರು ಊರು ಬಿಡಲ್ಲ, ಅದಕ್ಕೇ ಡಾಕ್ಟರನ್ನೂ ಬದಲಿಸಲ್ಲ. ಅದಕ್ಕೆ ಹಾಗೆ ಕಾಣಿಸಿರಬಹುದಲ್ಲ?

– ನಾನೂ ಅದನ್ನೇ ಕೇಳಿದೆ. ವಯಸ್ಸು, ಕಾಯಿಲೆ ಎಲ್ಲ ಲೆಕ್ಕಕ್ಕೆ ತಗೊಂಡೇ ಹೋಲಿಸಿದ್ದು ಅಂದ್ರು. ಇದರಿಂದಲೇ ಅದು ಅಂತ ಗಂಟು ಹಾಕೋಕೆ ಆಗಲ್ಲ ನಿಜ. ಆದ್ರೆ ಒಟ್ಟಿಗಿದ್ದ ವರ್ಷ ಹೆಚ್ಚಿದ ಹಾಗೆಲ್ಲ ಫಾಯಿದೆಯೂ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತಾ ಹೋಗಿದೆ. ಅಂಥ ಮಾತ್ರೆ ಒಂದು ಬಂದಿದ್ರೆ ಪೇಪರಿನ ಮುಖಪುಟದಲ್ಲಿ ಹಾಕ್ತಿದ್ರು. ನಮ್ಮ ಡಾಕ್ಟರು ಹೋಗೋದು ಬಾಗಿಲ ಮೇಲಿನ ಕಾಗದದಲ್ಲಿ ಎರಡು ಸಾಲು. ನನಗೆ ಸಿಟ್ಟು ಬರೋದು ಇಲ್ಲೇ.

– ಅವರು ನಮ್ಮ ಕಡೆಯವರಂತೆ?

– ಹುಬ್ಬಳ್ಳಿ ಮೆಡಿಕಲ್ ಕಾಲೇಜಿನವರು. ಈ ಬೀದಿಯಲ್ಲಿ ಹೊಸೈರಿ ಕಾರ್ಖಾನೆಗಳು ಮುಚ್ಚಿ, ಬಾಡಿಗೆ ಮನೆಗಳು ತುಂಬಿದ್ದ ಕಾಲದಲ್ಲಿ ಬಂದ್ರು. ಅವರಿಗಿಂತ ಹಿಂದಿನ ತಲೆಮಾರಿನದ್ದು ಇನ್ನೂ ದೊಡ್ಡ ಕಥೆ. ಐವತ್ತು-ಅರವತ್ತರ ದಶಕದಲ್ಲಿ ಇಲ್ಲಿ ಓದಿದ ಡಾಕ್ಟರುಗಳಿಗೆ ದೊಡ್ಡಾಸ್ಪತ್ರೆ ಬೇಕು, ಇಲ್ಲದಿದ್ರೆ ಕೆನಡಾ, ಆಸ್ಟ್ರೇಲಿಯಾ. ವೇಲ್ಸಿನ ಗಣಿ ಊರಿಗೆ, ಕಾರ್ಖಾನೆ ಬೀದಿಗೆ ಹೋಗೋರಿಲ್ಲ. ನಮ್ಮ ದೇಶದಿಂದ, ಪಾಕಿಸ್ತಾನದಿಂದ ಬಂದವರಿಗೆ ದೊಡ್ಡಾಸ್ಪತ್ರೆಯ ಹೆಸರುವಾಸಿ ವಿಭಾಗಗಳಲ್ಲಿ ಜಾಗ ಕೊಡಲಿಲ್ಲ. ಸರ್ಜನ್ ಆಗಬೇಕು ಅಂತ ಬಂದವರು ಗಣಿ ಊರಿನ ಜಿಪಿ, ಅಂದ್ರೆ ಊರ ಡಾಕ್ಟರು, ಆದ್ರು. ಎಂಬತ್ತರ ದಶಕದ ಹೊತ್ತಿಗೆ ಇಲ್ಲಿನ ನೂರು ಜಿಪಿಗಳಲ್ಲಿ ಸುಮಾರು ಹದಿನಾರು ಜನ ಭಾರತ ಉಪಖಂಡದಲ್ಲಿ ಹುಟ್ಟಿದವರು. ಯಾರೂ ಬಯಸದ ಊರುಗಳನ್ನ ನೋಡಿಕೊಂಡವರು ಅವರು. ಬಹಳ ಜನ ಅಲ್ಲೇ ಉಳಿದ್ರು, ಅಜ್ಜನನ್ನೂ ಮೊಮ್ಮಗಳನ್ನೂ ಅವರೇ ನೋಡಿದ್ರು.

– ಇದನ್ನ ನಾನು ಕೇಳೇ ಇರಲಿಲ್ಲ.

– ನಮ್ಮ ಡಾಕ್ಟರು ಒಬ್ಬರ ಹೆಸರು ಆಗಾಗ ಹೇಳ್ತಾರೆ, ಜೂಲಿಯನ್ ಟ್ಯೂಡರ್ ಹಾರ್ಟ್. ದಕ್ಷಿಣ ವೇಲ್ಸಿನ ಗ್ಲಿನ್‌ಕೊರುಗ್ ಅನ್ನೋ ಗಣಿಹಳ್ಳಿಯ ಡಾಕ್ಟರು. ಕಾಯಿಲೆ ಅಂತ ಬಂದವರ ಬಿಪಿ ನೋಡಿ ಸುಮ್ಮನಾಗಲಿಲ್ಲ. ಊರಿನ ದೊಡ್ಡವರೆಲ್ಲರ ಬಿಪಿ ನೋಡಬೇಕು ಅಂತ ಹಠ ಹಿಡಿದು, ಬಾರದೇ ಇದ್ದವರನ್ನೂ ಹುಡುಕಿ ನೋಡಿದ್ರು. ಎಲ್ಲಿ ಕಾಯಿಲೆ ಹೆಚ್ಚೋ ಅಲ್ಲೇ ಒಳ್ಳೆ ವೈದ್ಯ ಸಿಗೋದು ಕಡಿಮೆ ಅಂತ ಅವರು 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದನ್ನ ಇವತ್ತಿಗೂ ಓದ್ತಾರೆ. ಒಂದೇ ಊರಲ್ಲಿ ಉಳಿದಿದ್ದಕ್ಕೇ ಅವರಿಗೆ ಅದೆಲ್ಲ ಸಾಧ್ಯ ಆಯ್ತು ಅಂತಾರೆ ನಮ್ಮ ಡಾಕ್ಟರು.

– ನಮ್ಮ ದಾವಣಗೆರೆ ಡಾಕ್ಟರೂ ಹಾಗೇ ಇದ್ರು ಅಕ್ಕ. ಅಪ್ಪನ ಕೆಮ್ಮು ಕೇಳಿದ್ರೆ ಸಾಕು, ಮತ್ತೆ ಬೀಡಿ ಶುರು ಮಾಡಿದ್ಯಾ ಅಂತಿದ್ರು. ಅವರು ತೀರಿಹೋದ ಮೇಲೆ ಮಗ ನರ್ಸಿಂಗ್ ಹೋಮ್ ಮಾಡಿದ. ಈಗ ಅಪ್ಪನ ಎದೆಗೆ ಒಬ್ಬರು, ಮಂಡಿಗೆ ಒಬ್ಬರು, ಕಣ್ಣಿಗೆ ಒಬ್ಬರು. ಮೂರು ಕಡೆಯ ಚೀಟಿಯನ್ನೂ ಅಮ್ಮ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿಟ್ಟಿದಾಳೆ. ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ. ಸ್ವಲ್ಪ ಮುಂಚೆ ನಾನು ಅಲ್ಲಿಯದ್ದೇ ವಾಸಿ ಅನ್ನೋ ಹಾಗೆ ಮಾತಾಡಿದೆ. ಯೋಚನೆ ಮಾಡಿದ್ರೆ, ನಾನು ನೆನಪಿಸಿಕೊಂಡಿದ್ದು ಬೇಗ ಸಿಗ್ತಿದ್ದ ಅಪಾಯಿಂಟ್‌ಮೆಂಟನ್ನಲ್ಲ, ಆ ಹಳೇ ಡಾಕ್ಟರನ್ನ.

– ಎರಡೂ ಬೇಕು ಕಣೇ. ಬೇಗ ಸಿಗಬೇಕು ಅನ್ನೋದು ಆಸೆಬುರುಕತನ ಅಲ್ಲ. ಜ್ವರಕ್ಕೆ ಯಾರಾದ್ರೂ ಸರಿ, ಬೇಗ ಸಿಗಲಿ. ಆದ್ರೆ ಬಿಡದ ತಲೆನೋವು, ಇಳೀತಿರೋ ತೂಕ, ನಿದ್ದೆ ಬಾರದ ದುಃಖ, ಮತ್ತೆ ನಿನ್ನ ಥೈರಾಯ್ಡ್, ಇವಕ್ಕೆ ಪ್ರತಿ ಸಲ ಅದೇ ಮುಖ ಬೇಕು. ಒಂದಷ್ಟು ದಿನ ಕಾಯಬೇಕಾದ್ರೂ ಕಾಯಿ. ಇಂಥ ಡಾಕ್ಟರನ್ನೇ ನೋಡ್ತೀನಿ ಅಂತ ಇಷ್ಟ ಹೇಳೋ ಹಕ್ಕು ನಿನಗಿದೆ. ಸಿಕ್ಕೇ ಸಿಗ್ತಾರೆ ಅಂತಲ್ಲ, ಸರ್ಜರಿ ಪ್ರಯತ್ನ ಮಾಡಬೇಕು. ಕೇಳೋರು ಬಹಳ ಕಡಿಮೆ. ಕೇಳಿದ್ರೆ ನಾನು ಖುಷಿಯಿಂದ ಹುಡುಕಿ ಹಾಕಿಕೊಡ್ತೀನಿ.

– ಈಗ ಅವರ ಜಾಗಕ್ಕೆ ಯಾರು ಬರ್ತಾರೆ? ಶುರುವಲ್ಲೇ 'ಬರ್ತಾರೆ' ಅಂದ್ಕೊಂಡೇ ಮಾತಾಡಿದೆ ನಾನು.

– ಅದೇ ಗೊತ್ತಿಲ್ಲ. ಜಿಪಿ ಸರ್ಜರಿ ಅಂದ್ರೆ ಸರ್ಕಾರಿ ಆಸ್ಪತ್ರೆ ಅಲ್ಲ. ಹೆಚ್ಚಿನವು ಡಾಕ್ಟರುಗಳೇ ಪಾಲುದಾರರಾಗಿ ನಡೆಸೋವು. ಎನ್‌ಎಚ್‌ಎಸ್ ಜೊತೆ ಕರಾರು, ನೋಂದಾಯಿಸಿದ ಜನರ ಲೆಕ್ಕದ ಮೇಲೆ ದುಡ್ಡು. ನಮ್ಮ ಸಂಬಳ, ಕಟ್ಟಡದ ಬಾಡಿಗೆ, ಸಾಲ ಎಲ್ಲದರ ಭಾರ ಪಾಲುದಾರರ ಹೆಗಲ ಮೇಲೆ. ಈಗಿನ ಹುಡುಗರು ಅದನ್ನ ಹೊರೋಕೆ ಹಿಂಜರೀತಾರೆ, ಸಂಬಳಕ್ಕೆ ಮಾತ್ರ ಬರ್ತೀವಿ ಅಂತಾರೆ. ತಪ್ಪು ಅನ್ನಲ್ಲ. ಪೂರ್ತಿ ತರಬೇತಾದ ಒಬ್ಬ ಜಿಪಿ ಡಾಕ್ಟರ ಪಾಲಿಗೆ ಈ ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಬರ್ತಾರೆ. ಆದ್ರೆ ಪಾಲುದಾರರಾದವರು ಊರಲ್ಲಿ ಬೇರು ಬಿಡ್ತಾರೆ, ಉಳೀತಾರೆ. ತಾತ್ಕಾಲಿಕಕ್ಕೆ ಬಂದವರು ನಿನ್ನ ಹೆಸರು ಕಲಿಯೋ ಹೊತ್ತಿಗೆ ಹೊರಡ್ತಾರೆ. ನಮ್ಮಲ್ಲಿ ತರಬೇತಿ ಮುಗಿಸ್ತಿರೋ ಒಬ್ಬ ಹುಡುಗಿ ಇದಾಳೆ, ಬಹಳ ಒಳ್ಳೆ ಕೈ. ಉಳಿಯೋ ಮನಸ್ಸಿದೆ ಅವಳಿಗೆ. ಪಾಲುದಾರರು ಇನ್ನೂ ತೀರ್ಮಾನ ಮಾಡಿಲ್ಲ.

– ಅವಳನ್ನ ಉಳಿಸ್ಕೊಳ್ಳಿ ಅಂತ ಪೇಷಂಟುಗಳು ಹೇಳಬಹುದಾ?

– ಹೇಳಬೇಕು! ಪ್ರತಿ ಸರ್ಜರಿಗೂ ಪೇಷಂಟುಗಳ ಒಂದು ಗುಂಪು ಇರಲೇಬೇಕು ಅಂತ ಕರಾರಿನಲ್ಲೇ ಇದೆ. ನಮ್ಮ ಗುಂಪಲ್ಲಿ ಬರೋರು ಐದಾರು ಜನ ಹಿರಿಯರು. ಪಾರ್ಕಿಂಗ್ ವಿಷಯ ಮಾತಾಡಿ ಎದ್ದು ಹೋಗ್ತಾರೆ. ನಿನ್ನಂಥ ಮಕ್ಕಳೊಂದಿಗರು, ಬೇರೆ ದೇಶದಿಂದ ಬಂದವರು ಯಾರೂ ಇಲ್ಲ. ಡಾಕ್ಟರು ಯಾರು ಬರ್ತಾರೆ, ಅದೇ ಡಾಕ್ಟರನ್ನ ಮತ್ತೆ ನೋಡೋಕೆ ಎಷ್ಟು ದಿನ ಕಾಯಬೇಕು, ದುಭಾಷಿ ಸೌಲಭ್ಯ ಯಾಕೆ ಯಾರಿಗೂ ಹೇಳಲ್ಲ, ಇದನ್ನೆಲ್ಲ ಅಲ್ಲಿ ಕೇಳಿ ಬರೆಸಬಹುದು. ನಾನು ಸಂಬಳಕ್ಕಿರೋಳು, ನಾನು ಹೇಳೋದಕ್ಕಿಂತ ನೀನು ಹೇಳಿದ್ರೆ ತೂಕ ಜಾಸ್ತಿ.

– ನನ್ನ ಇಂಗ್ಲಿಷಲ್ಲಿ ಅಷ್ಟೆಲ್ಲ ಆಗುತ್ತಾ?

– ಉರಿಮೂತ್ರ ಆದಾಗ ಫೋನ್ ಇಟ್ಟಿದ್ದು ಇಂಗ್ಲಿಷ್ ಬಾರದೇ ಅಲ್ಲವಲ್ಲ. ಅಲ್ಲಿ ನಡೆದಿದ್ದನ್ನ ನಡೆದ ಹಾಗೇ ಹೇಳು, ಅಷ್ಟು ಸಾಕು. ಮುಂದಿನ ಗುರುವಾರ ಸಾಯಂಕಾಲ ಆರಕ್ಕೆ ಸಭೆ.

– ಮಗು ಕರ್ಕೊಂಡು ಬರಬಹುದಾ?

– ಕರ್ಕೊಂಡು ಬಾ. ಆ ಹುಡುಗಿ ಡಾಕ್ಟರೂ ಇರ್ತಾಳೆ, ಪರಿಚಯ ಮಾಡಿಸ್ತೀನಿ. ಥೈರಾಯ್ಡ್ ಫಾರ್ಮಿಗೆ ನಾಳೆ ಹತ್ತರ ಮೇಲೆ ಬಾ. ಎಂಟಕ್ಕೆ ಮಾತ್ರ ಬರ್ಬೇಡ, ಫೋನು ಬಿಡಲ್ಲ.